ಹೊನ್ನಿನ ಹೊಳಪು, ಪಾದರಸದ ಹೊಗೆ

ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೋದ ಯಾತ್ರಿಕರಲ್ಲಿ ಬಹುಮಂದಿ ಮೊನಾಲಿಸಾ ಚಿತ್ರದೆದುರು ಸಾಲುಗಟ್ಟಿ ನಿಂತು, ಅಷ್ಟಕ್ಕೇ ತೃಪ್ತರಾಗಿ ಮರಳುತ್ತಾರೆ. ಅಲಂಕಾರ ಕಲೆಗಳ ವಿಭಾಗದತ್ತ ನಡೆದವರಿಗೆ ಹೊನ್ನಿನ ಲೇಪವುಳ್ಳ ಕಂಚಿನ ಗಡಿಯಾರಗಳು ಕಾಣಸಿಗುತ್ತವೆ. ಶೀತದೇಶದ ಮನೆಗಳಲ್ಲಿ ಗೋಡೆಯೊಳಗೇ ಅಗ್ಗಿಷ್ಟಿಕೆ ಕಟ್ಟಿ, ಅದರ ಮೇಲೊಂದು ಅಮೃತಶಿಲೆಯ ಹಲಗೆ ಇರಿಸುವ ರೂಢಿಯಿತ್ತು. ಆ ಹಲಗೆಯ ನಡುವಣ ಸ್ಥಾನ ಈ ಗಡಿಯಾರಕ್ಕೆ ಮೀಸಲು. ಬಿಳಿಯ ಮುಖ, ಅದರಲ್ಲಿ ಕೀಲಿ ತಿರುಗಿಸಲು ಎರಡು ರಂಧ್ರ; ಒಂದು ಮುಳ್ಳುಗಳ ಚಲನೆಗೆ, ಇನ್ನೊಂದು ಗಂಟೆಯ ನಾದಕ್ಕೆ. ಸುತ್ತಲೂ ಗ್ರೀಕ್ ದೇವತೆಗಳೋ ವೀರರೋ ನಿಂತಿರುತ್ತಾರೆ. ನಿಜ ಹೇಳಬೇಕೆಂದರೆ, ವೇಳೆ ತೋರಿಸುವುದು ಇಲ್ಲಿ ನೆಪಮಾತ್ರ. ಮನೆಯೊಡೆಯನ ಸಿರಿಯನ್ನು ತೋರಿಸುವುದೇ ಮುಖ್ಯ.

ಮುಖದ ಮೇಲೆ ಸಾಮಾನ್ಯವಾಗಿ ಗಡಿಯಾರಕಾರನ ಹೆಸರು ಇರುತ್ತದೆ. ಹೊನ್ನು ಲೇಪಿಸಿದವನ ಹೆಸರು ಇರುವುದಿಲ್ಲ. ಅವನ ಕೆಲಸವೆಂಥದೆಂದು ವಾಚಕರು ತಿಳಿಯಬೇಕು. ಒಂದು ಭಾಗ ಚಿನ್ನಕ್ಕೆ ಸುಮಾರು 8 ಭಾಗ ಪಾದರಸವನ್ನು ಬೆರೆಸಿ ಬೆಣ್ಣೆಯಂತಹ ಮುದ್ದೆ ಮಾಡಿ, ಶುದ್ಧಗೊಳಿಸಿದ ಕಂಚಿಗೆ ತಂತಿಯ ಕುಂಚದಿಂದ ಬಳಿದು, ಕೆಂಡದ ಮೇಲೆ ಕಾಯಿಸುತ್ತಿದ್ದರು. ಪಾದರಸವು ಆವಿಯಾಗಿ ಹಾರಿಹೋಗಿ ಚಿನ್ನ ಕಂಚನ್ನು ಅಪ್ಪಿ ಉಳಿಯುತ್ತಿತ್ತು. ಬಳಿಕ ಕೆಲವು ಭಾಗಗಳನ್ನು ನುಣುಪಾದ ಕಲ್ಲಿನಿಂದ ಉಜ್ಜಿ ಮಿರುಗಿಸುತ್ತಿದ್ದರು. ಇನ್ನೂರು ವರ್ಷ ಕಳೆದರೂ ಮಾಸದ ಹೊಳಪು ಅದು. ಆದರೆ ಹಾರಿಹೋದ ಆವಿ ಎಲ್ಲಿ ಹೋಯಿತು? ಬಹುಪಾಲು ಕುಶಲಕರ್ಮಿಯ ಉಸಿರಿನೊಳಕ್ಕೆ. ಕೈಕಾಲು ನಡುಗುವುದು, ಬಾಯಿ ಹುಣ್ಣಾಗುವುದು, ಹಲ್ಲು ಉದುರುವುದು, ಬುದ್ಧಿ ಮಂಕಾಗುವುದು. ಕಡೆಗೆ ಅಕಾಲ ಮರಣ.

ಲೂವ್ರ್‌ನಿಂದ ಹೊರಬಿದ್ದು ಉತ್ತರಕ್ಕೆ ಸ್ವಲ್ಪ ನಡೆದರೆ ರಿಶಲ್ಯೂ ಬೀದಿ ದೊರೆಯುತ್ತದೆ. ಆಂತ್ವಾನ್ ಆಂದ್ರೆ ರಾವ್ರಿಯೊ ಎಂಬ ಕಂಚುಗಾರನ ಅಂಗಡಿ ಇದ್ದದ್ದು ಈ ಬೀದಿಯಲ್ಲೇ. 1759ರಲ್ಲಿ ಹುಟ್ಟಿದ ಈತ ನೆಪೋಲಿಯನ್ನನ ಅರಮನೆಗಳಿಗೆ ಗಡಿಯಾರ, ದೀಪಗುಚ್ಛಗಳನ್ನು ಒದಗಿಸಿದವನು. ಬಿಡುವಿನಲ್ಲಿ ಹಾಡು ಕಟ್ಟುತ್ತಿದ್ದ ರಸಿಕನೂ ಹೌದು. 1814ರಲ್ಲಿ ತೀರಿಕೊಂಡಾಗ ಅವನ ಮರಣಶಾಸನದಲ್ಲಿ ಒಂದು ವಿಶೇಷವಿತ್ತು: ಲೇಪಗಾರರನ್ನು ಪಾದರಸದ ವಿಷದಿಂದ ಕಾಪಾಡುವ ಉಪಾಯ ಕಂಡುಹಿಡಿದವರಿಗೆ 3,000 ಫ್ರಾಂಕ್ ಬಹುಮಾನ. ಅವನ ಸಿರಿಯೆಲ್ಲ ಆ ನಡುಗುವ ಕೈಗಳಿಂದಲೇ ಬಂದದ್ದು. ಬದುಕಿದ್ದಾಗಲೇ ಕೊಡಬಹುದಿತ್ತಲ್ಲ ಎನ್ನುವವರು ಎನ್ನಬಹುದು. ಆದರೆ ಆ ಋಣವನ್ನು ನೆನೆಯದೆಯೇ ಕಣ್ಮುಚ್ಚಿದ ಧನಿಕರೆಷ್ಟೋ!

ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಆ ಬಹುಮಾನವನ್ನು ರಸಾಯನಶಾಸ್ತ್ರಜ್ಞ ದಾರ್ಸೆ ಎಂಬವರಿಗೆ ನೀಡಿತು. ಅವರ ಪ್ರಬಂಧವು 1818ರಲ್ಲಿ ಪ್ರಕಟವಾಯಿತು. ಉಪಾಯ ಸರಳ. ಹೊಗೆಗೂಡಿನ ಬುಡದಲ್ಲಿ ಬೇರೊಂದು ಪುಟ್ಟ ಒಲೆ ಉರಿಸಿದರೆ ಬಿಸಿಯಾದ ಗಾಳಿ ರಭಸದಿಂದ ಮೇಲೇರುತ್ತದೆ. ಕೋಣೆಯ ಗಾಳಿಯೂ ಅದರ ಬೆನ್ನುಹತ್ತಿ ವಿಷದ ಆವಿಯನ್ನು ಸೆಳೆದೊಯ್ಯುತ್ತದೆ. ನಮ್ಮ ಅಡುಗೆಮನೆಯ ಹೊಗೆಗಂಡಿಯ ತತ್ತ್ವವೇ. ಊರಿನ ಮೇಲಣ ಗಾಳಿಯ ಚಿಂತೆ ಆ ಕಾಲಕ್ಕೆ ಯಾರಿಗೂ ಅಷ್ಟಾಗಿ ಇರಲಿಲ್ಲ.

1840ರ ದಶಕದಲ್ಲಿ ವಿದ್ಯುತ್ತಿನಿಂದ ಹೊನ್ನು ಲೇಪಿಸುವ ವಿಧಾನ ಬಂದ ಮೇಲೆ ಪಾದರಸದ ಕೆಲಸ ಕ್ರಮೇಣ ಹಿಂದೆ ಸರಿಯಿತು. ನೇಪಾಳದ ಪಾಟನ್‌ನಲ್ಲಿ ಬುದ್ಧಮೂರ್ತಿಗಳಿಗೆ ಇದೇ ಬಗೆಯಲ್ಲಿ ಹೊನ್ನು ಹಚ್ಚುವ ಪರಂಪರೆ ಇಂದಿಗೂ ಉಂಟು. ರಾವ್ರಿಯೊನ ಸಮಾಧಿ ಪ್ಯಾರಿಸ್ಸಿನ ಪೂರ್ವಕ್ಕಿರುವ ಪೇರ್ ಲಾಶೇಸ್ ಸ್ಮಶಾನದಲ್ಲಿದೆ. ಮರಗಳ ನೆರಳಿನ ಏರುದಾರಿ, ನಿಧಾನವಾಗಿ ಹತ್ತಬೇಕು.