ತಾರಿಹಾಳದಲ್ಲಿ ಕಂಡ ಕೈಗಡಿಯಾರ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣವನ್ನು ಹಿಂದಿಕ್ಕಿ ಸಾಗಿದಂತೆ ಪಟ್ಟಣದ ಗದ್ದಲ ಅಡಗಿ, ಲೇಥ್ ಯಂತ್ರಗಳ ಸದ್ದು ಕಿವಿಗೆ ಬೀಳತೊಡಗುತ್ತದೆ. ಅದು ತಾರಿಹಾಳದ ಕೈಗಾರಿಕಾ ಪ್ರದೇಶ. ಶೆಡ್ಡುಗಳ ಸಾಲು ಮುಗಿದೆಡೆ ಎರೆಭೂಮಿ, ಅದರಾಚೆ ಹಳೆಯ ಊರು. ಕಬ್ಬಿಣ ಕೊರೆಯುವ ಊರಿಗೆ ನಾವು ಹೋದದ್ದು ಒಂದು ಕೈಗಡಿಯಾರವನ್ನು ಅರಸಿಕೊಂಡು ಎಂದರೆ ಓದುಗರು ನಕ್ಕಾರು.

ನಮ್ಮ ಮನೆತನಗಳಲ್ಲಿ ಲಗ್ನದ ಕಾಲಕ್ಕೆ ವರನಿಗೆ ಉಂಗುರದೊಡನೆ ಕೈಗಡಿಯಾರ ಕೊಡುವ ರೂಢಿಯುಂಟು. ನಮ್ಮ ಕಾಲದಲ್ಲಿ ಅದು ಎಚ್‌ಎಂಟಿಯೇ ಆಗಿರುತ್ತಿತ್ತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರದ ಕಾರ್ಖಾನೆ ಮನೆಮನೆಗೂ ಜನತಾ, ಪೈಲಟ್, ಕೋಹಿನೂರ್‌ಗಳನ್ನು ಮುಟ್ಟಿಸಿತು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮೇಲೆ ಹಳೆಯ ಎಚ್‌ಎಂಟಿಗಳಿಗೆ ಬೇಡಿಕೆ ಏರಿತು. ಅದರ ಬೆನ್ನಿಗೇ ಹಳೆಯ ಯಂತ್ರಕ್ಕೆ ಬಣ್ಣಬಣ್ಣದ ಹೊಸ ಡಯಲು ಕೂಡಿಸಿ ಮಾರುವವರೂ ಹುಟ್ಟಿಕೊಂಡರು. ನಮ್ಮ ಭಾವೀ ಅಳಿಯಂದಿರಿಗೆ ಮಾತ್ರ ಕೀ ಕೊಡುವ ಹಳೆಯ ಸ್ವಿಸ್ ಗಡಿಯಾರದ ಮೇಲೆ ಮನಸ್ಸು. ತಾರಿಹಾಳದ ಹಿರಿಯರೊಬ್ಬರ ಬಳಿ ಒಮೆಗಾ ಇದೆಯೆಂದು ತಿಳಿದು, ನಲವತ್ತು ವರುಷ ಗಡಿಯಾರ ರಿಪೇರಿಯ ಕಾಯಕ ಮಾಡಿದ ಗೆಳೆಯರೊಬ್ಬರನ್ನು ಕರೆದುಕೊಂಡು ನಗರ ಬಸ್ಸು ಹತ್ತಿದೆವು.

“ಬರ್ರಿ, ಬರ್ರಿ, ಒಳಗ ಬರ್ರಿ” ಎಂದು ಹಿರಿಯರು ಪಡಸಾಲೆಯಲ್ಲಿ ಜಮಖಾನ ಹಾಸಿದರು. ಚಹಾ ಬಂತು. ಅವರ ತಂದೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಂಡ ಮರುವರ್ಷ ಅಲ್ಲಿಗೆ ಹೋದಾಗ ಅಂಗಡಿಯೊಂದರಲ್ಲಿ ಈ ಗಡಿಯಾರ ಕೊಂಡು ತಂದರಂತೆ. ಪೋರ್ತುಗೀಜರ ಆಳಿಕೆಯಲ್ಲಿ ಅಲ್ಲಿ ವಿದೇಶೀ ಸರಕು ಹೇರಳವಾಗಿ ಸಿಗುತ್ತಿತ್ತೆಂಬುದು ನಮ್ಮ ಭಾಗದ ಹಿರಿಯರೆಲ್ಲ ಬಲ್ಲ ಸಂಗತಿ. ಈಗ ಮೊಮ್ಮಗಳ ಇಂಜಿನಿಯರಿಂಗ್ ಪ್ರವೇಶಕ್ಕೆ ಹಣ ಬೇಕಾಗಿದೆ. ಮೊಮ್ಮಗ ಮೊಬೈಲಿನಲ್ಲಿ ಇಂಥದೇ ಗಡಿಯಾರದ ಬೆಲೆ ನೋಡಿ 75,000 ರೂಪಾಯಿ ಎಂದಿದ್ದಾನೆ.

ಅರಿವೆಯ ಗಂಟು ಬಿಚ್ಚಿದರು. ಕೆನೆಬಣ್ಣದ ಡಯಲು ನಿನ್ನೆ ಮೊನ್ನೆ ಮಾಡಿದಂತೆ ಥಳಥಳಿಸುತ್ತಿತ್ತು. ನಮಗೆ ಸಂತೋಷವಾಯಿತು, ಗೆಳೆಯರ ಮುಖ ಮಾತ್ರ ಬಿಗಿಯಿತು. ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಬಹಳ ಹೊತ್ತು ನೋಡಿದರು. ಒಳಗಿನ ಯಂತ್ರ ತಾಮ್ರವರ್ಣದ್ದು, ಎಳ್ಳಷ್ಟೂ ತುಕ್ಕಿಲ್ಲ. ಒಮೆಗಾದವರು 1939ರಲ್ಲಿ ಹೊರತಂದು 1963ರವರೆಗೆ ತಯಾರಿಸಿದ ಮೂವತ್ತು ಮಿಲಿಮೀಟರಿನ ಹೆಸರಾಂತ ಯಂತ್ರವದು. ಮೇಲಿದ್ದ ಸಂಖ್ಯೆಯ ಪ್ರಕಾರ ಸುಮಾರು 1956ರದು. ಆದರೆ ಡಯಲು ಆ ಕಾಲದ್ದಲ್ಲವೆಂದು ಗೆಳೆಯರು ನಮ್ಮ ಕಿವಿಯಲ್ಲಿ ಉಸುರಿದರು.

ಕನ್ನಡಿಯನ್ನು ನಮಗೂ ಕೊಟ್ಟರು. ಹೇಳಿದ ಮೇಲೆ ಕಾಣುವುದೇನೂ ಕಷ್ಟವಲ್ಲ. ಆರರ ಬಳಿಯ ಸೆಕೆಂಡಿನ ಪುಟ್ಟ ವರ್ತುಲ ಮುಳ್ಳಿನ ನಡುಬಿಂದುವಿನಿಂದ ತುಸು ಸರಿದಿತ್ತು. ಹೆಸರಿನ ಅಕ್ಷರಗಳು ದಪ್ಪವಾಗಿ, ಅಂಚಿನಲ್ಲಿ ಮಸಿ ಹರಡಿದಂತಿದ್ದವು. ಕೆಳತುದಿಯಲ್ಲಿ ಇರಬೇಕಾದ ‘ಸ್ವಿಸ್ ಮೇಡ್’ ಎಂಬುದೇ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾದ ಸಾಕ್ಷಿ ಮುಳ್ಳುಗಳದು. ಅವುಗಳ ನಡುವೆ ಕಂದುಗಟ್ಟಿದ ರೇಡಿಯಂ ತುಂಬಿತ್ತು, ಡಯಲಿನ ಅಂಕಿಗಳಲ್ಲಿ ಅದರ ಸುಳಿವೇ ಇಲ್ಲ. ಕತ್ತಲೆಯಲ್ಲಿ ಮುಳ್ಳು ಮಾತ್ರ ಹೊಳೆದು ಅಂಕಿ ಕಾಣದಿದ್ದರೆ ವೇಳೆ ತಿಳಿಯುವುದೆಂತು?

ರೇಡಿಯಂ ಮಾತು ಬಂದಿತಾಗಿ ಒಂದು ಎಚ್ಚರಿಕೆ. ಹಳೆಯ ಗಡಿಯಾರದ ಆ ಲೇಪ ಹೊಳೆಯುವುದನ್ನು ನಿಲ್ಲಿಸಿದ್ದರೂ ಅದರ ವಿಕಿರಣ ನಿಂತಿರುವುದಿಲ್ಲ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರುಷ ಬೇಕು. ಅಮೆರಿಕದಲ್ಲಿ 1920ರ ದಶಕದ ಹೊತ್ತಿಗೆ ಈ ಲೇಪ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿ, ದವಡೆ ಕೊಳೆತು ಸತ್ತರು. ಗಾಜು ಮುಚ್ಚಿದ ಗಡಿಯಾರವನ್ನು ಕಟ್ಟಿಕೊಳ್ಳಲು ಭಯ ಬೇಡ, ಆದರೆ ಮನೆಯಲ್ಲಿ ಬಿಚ್ಚಿ ಕೆರೆಯುವ ಸಾಹಸ ಯಾರೂ ಮಾಡಬಾರದು.

ಈಗ ಹಿರಿಯರಿಗೆ ಹೇಳುವುದು ಹೇಗೆ? ಸುಮ್ಮನಿದ್ದು ಬೇರೆ ನೆಪ ಹೇಳಿ ಎದ್ದು ಬರಬಹುದಿತ್ತು. ಹಾಗೆ ಮಾಡಿದ್ದರೆ ನಾಳೆ ಇನ್ನಾರೋ ಬಂದು ಅವರನ್ನು ಮೋಸಗಾರರೆಂದು ಕರೆಯುವ ಸಂಭವವಿತ್ತು. “ಯಜಮಾನರ, ಈ ಡಯಲ್ ಯಾವಾಗರ ಬದಲ ಮಾಡಿಸಿದ್ರೇನ್ರಿ?” ಎಂದು ಕೇಳಿದೆವು.

ಅವರ ಮುಖ ಅರಳಿತು. “ಹೌದ್ರಿ! ಅಂಕಿ ಎಲ್ಲಾ ಕಪ್ಪಾಗಿದ್ವು. 1996ರಾಗ ಮಗನ ಲಗ್ನಕ್ಕ ಕಟ್ಟಬೇಕಂತ ಮುಂಬೈಕ ಒಯ್ದು ಬಣ್ಣಾ ಹಚ್ಚಿಸ್ಕೊಂಡ ಬಂದೆ. ಎಷ್ಟ ಛಂದ ಆಗೈತಿ ನೋಡ್ರಿ.”

ಗೆಳೆಯರು ನಿಧಾನವಾಗಿ ವಿವರಿಸಿದರು. ಹಳೆಯ ಗಡಿಯಾರ ಸಂಗ್ರಹಿಸುವವರು ಕಲೆ ಬಿದ್ದ ಮೂಲ ಡಯಲಿಗೆ ಹೆಚ್ಚು ಬೆಲೆ ಕೊಡುತ್ತಾರೆ, ಹೊಳೆಯುವ ಹೊಸ ಬಣ್ಣಕ್ಕಲ್ಲ. ಕಂಪನಿಯೇ ತನ್ನ ಕೈಯಾರೆ ಬದಲಿಸಿದ ಡಯಲಿಗೆ ಒಂದು ಮಾನ್ಯತೆಯಾದರೂ ಉಂಟು. ಹೊರಗೆ ಬಳಿಸಿದ್ದಕ್ಕೆ ಅದೂ ಇಲ್ಲ. ಬಳಿಯುವವರು ಮೊದಲು ಹಳೆಯ ಲೇಪವನ್ನೆಲ್ಲ ತೆಗೆದುಬಿಡುವುದರಿಂದ ಮೂಲದ್ದು ಮರಳಿ ಬರುವಂತಿಲ್ಲ.

ಹಿರಿಯರು ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕುಳಿತರು. “ಹಂಗಾರ ಅಪ್ಪನ ಗಡಿಯಾರಾ ನಾನ ಕೆಡಿಸಿದ್ನೇನ್ರಿ?”

ಈ ಪ್ರಶ್ನೆಗೆ ನಾವು ಸಿದ್ಧರಾಗಿರಲಿಲ್ಲ. ಆಗ ಯಾರಿಗೂ ಈ ಲೆಕ್ಕ ಗೊತ್ತಿರಲಿಲ್ಲ, ಕಟ್ಟಿಕೊಳ್ಳುವ ಗಡಿಯಾರವನ್ನು ಚೆನ್ನಾಗಿ ಮಾಡಿಸುವುದೇ ಎಲ್ಲರ ಪದ್ಧತಿಯಾಗಿತ್ತು, ಯಂತ್ರವನ್ನು ಇಷ್ಟು ಚೊಕ್ಕಟವಾಗಿ ಕಾಯ್ದುಕೊಂಡವರು ಅಪರೂಪ ಎಂದೆವು. ನಿಜವನ್ನೇ ಹೇಳಿದೆವು, ಅವರಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. ಬೇಕಿದ್ದರೆ ಇನ್ನಿಬ್ಬರು ಬಲ್ಲವರಿಗೆ ತೋರಿಸಿ, ಆಮೇಲೆ ಮಾರಿರಿ ಎಂದೂ ಸೇರಿಸಿದೆವು. ಅವರು ಒಳಗೆ ಹೋಗಿ ಮನೆಯವರೊಡನೆ ಮಾತಾಡಿ ಬಂದು, “ನೀವ ಒಂದ ಮಾತ ಹೇಳ್ರಿ” ಎಂದರು.

ಗೆಳೆಯರು 45,000 ಎಂದರು. ನಾವು 48,000 ಎಂದೆವು. ಆ ಮೂರು ಸಾವಿರ ಏಕೆಂದು ಗೆಳೆಯರು ಬಸ್ಸಿನಲ್ಲಿ ಕೇಳಿದರು. ಸರಿಯಾದ ಉತ್ತರ ನಮಗೂ ಹೊಳೆಯಲಿಲ್ಲ.

ಹಣ ಎಣಿಸಿದ ಮೇಲೆ ಒಂದು ಚೀಟಿ ಬರೆದುಕೊಡಲು ಕೇಳಿದೆವು. ಇಂಥ ಖರೀದಿಯಲ್ಲಿ ಅದು ಬೇಕೇ ಬೇಕು. ಯಂತ್ರದ ಸಂಖ್ಯೆ, ಬದಲಾದ ಭಾಗ, ಬೆಲೆ, ಇಷ್ಟೂ ಕಾಗದದಲ್ಲಿರಬೇಕು. ಮೊಮ್ಮಗಳು ನೋಟುಬುಕ್ಕಿನ ಹಾಳೆ ಹರಿದು ತಂದಳು. ಹಿರಿಯರು ನಾವು ಹೇಳಿದ್ದನ್ನೆಲ್ಲ ಬರೆದು, ಕೆಳಗೆ ತಾವಾಗಿಯೇ ಒಂದು ಸಾಲು ಕೂಡಿಸಿದರು: ‘ಡಯಲ್ ಮೊದಲಿನದಲ್ಲ, 1996ರಲ್ಲಿ ಮಗನ ಲಗ್ನಕ್ಕೆ ನಾನೇ ಬಣ್ಣ ಹಚ್ಚಿಸಿದ್ದು.’ ಸಹಿ ಹಾಕಿದರು. ಅಳಿಯಂದಿರಿಗೆ ಗಡಿಯಾರದೊಡನೆ ಆ ಚೀಟಿಯನ್ನೂ ಕೊಡುವುದೆಂದು ಅಲ್ಲಿಯೇ ನಿಶ್ಚಯಿಸಿದೆವು.

ಹೊರಡುವಾಗ ಗಡಿಯಾರವನ್ನು ಇನ್ನೊಮ್ಮೆ ಕೇಳಿ ಇಸಿದುಕೊಂಡು, ಹೆಬ್ಬೆರಳು ತೋರುಬೆರಳಿನಿಂದ ಮೆಲ್ಲಗೆ ಕೀ ಕೊಟ್ಟರು. “ದಿನಾ ಮುಂಜಾನೆ, ಒಂದ ಹೊತ್ತಿಗೆ. ಬಿಗಿ ಆದ ಮ್ಯಾಲೆ ತಿರುವಬ್ಯಾಡ ಅಂತ ಹೇಳ್ರಿ ಅಳಿಯಂದಿರಿಗೆ” ಎಂದರು.