ಗುಳೇದಗುಡ್ಡದ ಎಫ್.ಸಿ. ಗಾಡಿ

ಬಾದಾಮಿಯನ್ನು ಬಿಟ್ಟು ಗುಳೇದಗುಡ್ಡದ ಹಾದಿ ಹಿಡಿದರೆ ಕೆಂಪು ಮರಳುಗಲ್ಲಿನ ಗುಡ್ಡಗಳು ಬಹುದೂರದವರೆಗೆ ಜೊತೆಗೆ ಬರುತ್ತವೆ. ಚಾಲುಕ್ಯರ ಶಿಲ್ಪಿಗಳು ಬಾದಾಮಿಯ ಗುಹೆಗಳನ್ನು ಕೊರೆದದ್ದು ಇಂಥ ಕಲ್ಲಿನಲ್ಲಿಯೇ. ಪ್ರವಾಸಿಗರು ಸಾಮಾನ್ಯವಾಗಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿ ಹಿಂದಿರುಗುತ್ತಾರೆ. ಒಂದಿಷ್ಟು ಬದಿಗೆ ಸರಿದಿರುವ ಗುಳೇದಗುಡ್ಡದ ಕಡೆಗೆ ಹೊರಳುವವರು ಕಡಿಮೆ. ನಾನೂ ಅಲ್ಲಿಗೆ ಗುಡಿಗೋಪುರಗಳ ಆಸೆಯಿಂದ ಹೋದವನಲ್ಲ. ಮಿತ್ರನೊಬ್ಬನ ಮನೆಯಲ್ಲಿದ್ದ ಮುದಿ ಗಾಡಿಯೊಂದನ್ನು ನೋಡಲು ಹೋದೆ. ನೋಡಲು ಹೋದವನು ಒಂದೂವರೆ ವರ್ಷ ಅದರ ಚಾಕರಿಯಲ್ಲಿ ಪಾಲುದಾರನಾದೆ.

ಗುಳೆ ಹೋಗುವುದೆಂದರೆ ಹೊಟ್ಟೆಪಾಡಿಗಾಗಿ ಊರು ಬಿಡುವುದೆಂದು ಉತ್ತರ ಕರ್ನಾಟಕದ ಮಕ್ಕಳಿಗೂ ಗೊತ್ತು. ಹಾಗೆ ಗುಳೆ ಬಂದವರು ನೆಲೆಸಿದ ಗುಡ್ಡವೇ ಗುಳೇದಗುಡ್ಡವೆಂದು ಊರವರು ಹೆಸರನ್ನು ಬಿಡಿಸಿ ಹೇಳುತ್ತಾರೆ. ಬಂದವರನ್ನು ಇಲ್ಲಿ ಹಿಡಿದು ನಿಲ್ಲಿಸಿದ್ದು ಮಗ್ಗ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಎಂಬುದು ಈ ಸೀಮೆಯ ಹೆಂಗಸರ ಹಳೆಯ ಒಪ್ಪಂದ. ಮಹಾರಾಷ್ಟ್ರದ ಪೇಟೆಗಳಲ್ಲಿಯೂ ಈ ಖಣಕ್ಕೆ ಬಹುಕಾಲದಿಂದ ಗಿರಾಕಿಗಳುಂಟು. ಒಂದು ಕಾಲಕ್ಕೆ ಓಣಿ ಓಣಿಯಲ್ಲಿ ಕೇಳುತ್ತಿದ್ದ ಕೈಮಗ್ಗದ ಸದ್ದು ಈಗ ಹುಡುಕಿಕೊಂಡು ಹೋದರೆ ಮಾತ್ರ ಕೇಳಿಸುತ್ತದೆ. ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೊಡನೆ ಪೈಪೋಟಿ ನಡೆಸಲಾರದೆ ಎಷ್ಟೋ ಮನೆಗಳ ಹುಡುಗರು ಪುಣೆ, ಬೆಂಗಳೂರುಗಳ ದಾರಿ ಹಿಡಿದಿದ್ದಾರೆ. ಗುಳೆ ಬಂದವರ ಊರಿನಿಂದ ಈಗ ಹೊರಗೆ ಗುಳೆ.

ನನ್ನ ಮಿತ್ರನದು ಖಣದ ವ್ಯಾಪಾರದ ಮನೆತನ. ಅವನ ಮನೆಯ ಹಿತ್ತಿಲಲ್ಲಿ, ತಗಡಿನ ಚಪ್ಪರದ ಕೆಳಗೆ, ನಾಲ್ಕು ಕಲ್ಲುಗಳ ಮೇಲೆ ಆ ಗಾಡಿ ಕುಳಿತಿತ್ತು. ಟೈರುಗಳು ಇರಲಿಲ್ಲ. ಹಿಂದಿನ ತೊಟ್ಟಿಯಲ್ಲಿ ಹತ್ತಿಕಟ್ಟಿಗೆಯ ರಾಶಿ, ಚಾಲಕನ ಆಸನದಲ್ಲಿ ಕೋಳಿಯ ಸಂಸಾರ. ಮಿತ್ರನ ಅಜ್ಜ ಅರವತ್ತರ ದಶಕದ ಕೊನೆಯಲ್ಲಿ ಕೊಂಡ ಮಹೀಂದ್ರ ಕಂಪನಿಯ ‘ಎಫ್.ಸಿ. 150’ ಎಂಬ ಪಿಕಪ್ ಗಾಡಿ ಅದು. ಖಣದ ಗಂಟುಗಳನ್ನು ಹೊತ್ತು ಕಮತಗಿ, ಅಮೀನಗಡ, ಹುನಗುಂದಗಳ ಮೇಲೆ ಇಳಕಲ್ಲಿಗೆ ಹೋಗಿ ಬರುವುದು ಅದರ ವಾರದ ಕೆಲಸವಾಗಿತ್ತಂತೆ.

ಈ ಗಾಡಿಯ ರೂಪವೇ ವಿಚಿತ್ರ. ಇದನ್ನು ಮೊದಲು ತಯಾರಿಸಿದ್ದು ಅಮೆರಿಕದ ವಿಲ್ಲೀಸ್ ಕಂಪನಿ. ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರ ಇದಕ್ಕೆ ರೂಪ ಕೊಟ್ಟವನು. ಸಾಧಾರಣ ಜೀಪಿಗೆ ಮುಂದೆ ಉದ್ದನೆಯ ಮೂತಿ, ಅದರೊಳಗೆ ಎಂಜಿನು. ಗಾಡಿಯ ಉದ್ದ ಹೆಚ್ಚಿಸದೆ ಸಾಮಾನು ಹೇರುವ ಜಾಗವನ್ನು ಹೆಚ್ಚಿಸಬೇಕಾದರೆ ಏನು ಮಾಡಬೇಕು? ಆತ ಮೂತಿಯನ್ನೇ ತೆಗೆದುಬಿಟ್ಟ. ಚಾಲಕನನ್ನು ಮುಂದಿನ ಚಕ್ರಗಳ ಮೇಲೆ ಕೂರಿಸಿ, ಎಂಜಿನನ್ನು ಎರಡು ಆಸನಗಳ ನಡುವೆ ಡಬ್ಬಿಯಲ್ಲಿ ಮುಚ್ಚಿಟ್ಟ. ಅಮೆರಿಕದಲ್ಲಿ 1965ರ ಸುಮಾರಿಗೆ ಇದರ ತಯಾರಿಕೆ ನಿಂತಿತು; ಜೀಪುಗಳನ್ನು ಆಗಲೇ ತಯಾರಿಸುತ್ತಿದ್ದ ಮಹೀಂದ್ರರು ನಮ್ಮ ದೇಶದಲ್ಲಿ ಮುಂದುವರಿಸಿದರು. ಚಳಿಗಾಲದಲ್ಲಿ ಈ ಏರ್ಪಾಡು ಸುಖಕರ. ಬಾಗಲಕೋಟೆ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಎಂಜಿನನ್ನು ಮಗ್ಗುಲಲ್ಲಿಟ್ಟುಕೊಂಡು ಕೂರುವುದೆಂದರೆ ಒಲೆಯ ಪಕ್ಕದಲ್ಲಿ ಊಟಕ್ಕೆ ಕುಳಿತಂತೆ.

ಗಾಡಿಗೆ ಆಗ ಕಂಟಕ ಕಾಲ. ಹಿತ್ತಿಲಿನಲ್ಲಿ ಎರಡು ಕೋಣೆ ಕಟ್ಟಿಸಬೇಕೆಂದು ಪುಣೆಯಲ್ಲಿರುವ ಮಿತ್ರನ ಅಣ್ಣನ ಯೋಚನೆ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆಯನ್ನೂ ಹೇಳಿ ಹೋಗಿದ್ದ. ಇದನ್ನು ಕೇಳಿ ಅವರ ತಾಯಿ ಒಂದೇ ಮಾತು ಅಂದರು: “ನಾ ಈ ಮನಿಗಿ ಮದಿಮಗಳಾಗಿ ಬಂದದ್ದು ಇದರಾಗ ಕುಂತ. ಇದನ್ನ ತೂಕಕ್ಕ ಹಾಕೂದಿದ್ರ ನನ್ನನ್ನೂ ಕೂಡೇ ಹಾಕ್ರೆಪಾ.” ಕೊನೆಗೆ ಅಣ್ಣತಮ್ಮಂದಿರಲ್ಲಿ ಒಪ್ಪಂದವಾಯಿತು. ಮುಂದಿನ ವರ್ಷದ ಬನಶಂಕರಿ ಜಾತ್ರೆಯೊಳಗೆ ಗಾಡಿ ತನ್ನ ಕಾಲ ಮೇಲೆ ನಡೆದು ಅರ್ಹತಾಪತ್ರ ಪಡೆಯಬೇಕು, ಇಲ್ಲವಾದರೆ ಗುಜರಿಗೆ.

ವಿಂಟೇಜ್ ಎಂದು ದಾಖಲು ಮಾಡಿಸಿದರೆ ಸಾಕಲ್ಲವೆ ಎಂದು ನಾನು ಪುಸ್ತಕಪಾಂಡಿತ್ಯ ತೋರಿಸಿದೆ. ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರತ್ಯೇಕ ನಿಯಮ ಮಾಡಿದೆ. ಹತ್ತು ವರ್ಷಗಳ ನೋಂದಣಿ, ‘ವಿ.ಎ.’ ಅಕ್ಷರಗಳಿರುವ ವಿಶೇಷ ಸಂಖ್ಯೆ ಎಲ್ಲವೂ ಉಂಟು. ನಿಯಮವನ್ನು ತೆರೆದು ಓದಿದಾಗ ನನ್ನ ಉತ್ಸಾಹ ಇಳಿಯಿತು. ಆ ಗೌರವ ದ್ವಿಚಕ್ರಗಳಿಗೆ ಮತ್ತು ಜನ ಕೂರುವ ಕಾರಿನಂಥ ವಾಹನಗಳಿಗೆ ಮಾತ್ರ. ಸರಕು ಹೊರುವ ಗಾಡಿಗೆ ಅದರಲ್ಲಿ ಸ್ಥಾನವಿಲ್ಲ. ಧರ್ಮಸ್ಥಳದ ವಾಹನ ಸಂಗ್ರಹಾಲಯದಲ್ಲಿ ಥಳಥಳಿಸುವ ಹಳೆಯ ಕಾರುಗಳನ್ನು ನಾನು ಕಣ್ತುಂಬ ನೋಡಿದ್ದೇನೆ. ಅರಸರನ್ನೂ ಸಾಹುಕಾರರನ್ನೂ ಹೊತ್ತ ವಾಹನಗಳನ್ನು ನಾವು ಜತನವಾಗಿ ಉಳಿಸಿಕೊಳ್ಳುತ್ತೇವೆ. ಬಟ್ಟೆಯ ಗಂಟು ಹೊತ್ತದ್ದು ಮಾತ್ರ ದುಡಿದೇ ಬದುಕಬೇಕು.

ಎಂಜಿನು ಬಿಗಿದು ಹೋಗಿತ್ತು. ಅದನ್ನು ಬಲ್ಲವರನ್ನು ಹುಡುಕುವುದೇ ಮೊದಲ ಕೆಲಸವಾಯಿತು. ಬಾಗಲಕೋಟೆಯಲ್ಲಿ ಎಪ್ಪತ್ತು ದಾಟಿದ ಮಿಸ್ತ್ರಿಯೊಬ್ಬರು ಸಿಕ್ಕರು. ಹಳೆಯ ಊರಿನಲ್ಲಿದ್ದ ಅವರ ಗ್ಯಾರೇಜು ಆಲಮಟ್ಟಿಯ ಹಿನ್ನೀರಿಗೆ ಹೋಗಿತ್ತು. ನವನಗರಕ್ಕೆ ಬಂದ ಮೇಲೆ ಮಗ ಮೊಬೈಲು ಅಂಗಡಿ ಇಟ್ಟಿದ್ದ, ತಂದೆ ಮನೆಯಲ್ಲಿದ್ದರು. ಕಣ್ಣಿನಲ್ಲಿ ಪೊರೆ, ಆದರೆ ಬೆರಳುಗಳಲ್ಲಿ ನೆನಪು. ಎಫ್.ಸಿ. ಎಂಬ ಹೆಸರು ಕೇಳುತ್ತಲೇ ಅಂಗಿ ತೊಟ್ಟುಕೊಂಡು ನಮ್ಮೊಡನೆ ಹೊರಟರು.

ಬೋಲ್ಟುಗಳನ್ನು ಸುತ್ತಿಗೆಯಿಂದ ಬಡಿಯಹೊರಟ ನನ್ನನ್ನು ಮೊದಲನೆಯ ದಿನವೇ ತಡೆದರು. “ಬಡಿಬ್ಯಾಡ್ರಿ ಮಾಸ್ತರ್ರ. ಹಟಾ ಮಾಡೂ ಹುಡುಗ್ರಿಗೆ ಬಡದ್ರ ಪಾಠ ಬರತೈತೇನು? ನೆನೀಲಿ, ತಾನ ಬಿಡತೈತಿ.” ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಿಂದ ಸೀಮೆಎಣ್ಣೆ ಬೆರೆಸಿದ ಎಂಜಿನ್ ಆಯಿಲು ಸುರಿದು, ಹತ್ತು ದಿನ ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದರು. ಹನ್ನೊಂದನೆಯ ದಿನ ಹ್ಯಾಂಡಲು ಹಾಕಿ ಮೆಲ್ಲನೆ ತೂಗಿದಾಗ ಒಳಗೆ ಏನೋ ನಿಟ್ಟುಸಿರು ಬಿಟ್ಟಂತಾಗಿ ಒಂದು ಅಂಗುಲ ಜರುಗಿತು. ಆ ಒಂದು ಅಂಗುಲಕ್ಕೆ ಮಿತ್ರ ಊರಿಗೆಲ್ಲ ಪೇಢೆ ಹಂಚುವುದೊಂದು ಬಾಕಿ.

‘ಹರಿಕೇನ್’ ಎಂದು ಹೆಸರಾದ ಈ ನಾಲ್ಕು ಸಿಲಿಂಡರಿನ ಪೆಟ್ರೋಲು ಎಂಜಿನಿನ ಗಾತ್ರ ಸುಮಾರು 2,200 ಸಿ.ಸಿ., ಶಕ್ತಿ 75 ಅಶ್ವಬಲ. ಅದರ ಒಳರಚನೆಯನ್ನು ಮಿಸ್ತ್ರಿ ನನಗೆ ಮನೆಯ ಹೋಲಿಕೆಯಲ್ಲಿ ತಿಳಿಸಿದರು. ಗಾಳಿ ಮತ್ತು ಪೆಟ್ರೋಲು ಒಳಬರುವ ಬಾಗಿಲು ಮಾಳಿಗೆಯ ಮೇಲೆ. ಹೊಗೆ ಹೊರಹೋಗುವ ಬಾಗಿಲು ಕೆಳಗೆ, ಪಕ್ಕದ ಗೋಡೆಯಲ್ಲಿ. ಕಿಡಿ ಹೊತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಲಯವನ್ನು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿಕೊಟ್ಟ ನಾನು ಈ ಹೊಸ ಛಂದಸ್ಸಿನಲ್ಲಿ ಎಡವಿದೆ. ಎರಡು ತಂತಿಗಳನ್ನು ಅದಲುಬದಲು ಸಿಕ್ಕಿಸಿದ್ದರಿಂದ ಎಂಜಿನು ಗರ್ನಾಲು ಹಾರಿಸಿತು. ಚಪ್ಪರದ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು. “ಸರದಿ ತಪ್ಪಿದ್ರ ಸಂತಿನೂ ನಡ್ಯಾಂಗಿಲ್ಲ, ಎಂಜಿನ್ನೂ ನಡ್ಯಾಂಗಿಲ್ಲ,” ಎಂದರು ಮಿಸ್ತ್ರಿ.

ಉಳಿದ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಜವಾಗಿ ಅವು ಬೇಗ ಮುಗಿಯಲಿಲ್ಲ. ಪೆಟ್ರೋಲು ಟ್ಯಾಂಕಿನ ತಳದಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾಗಿದ್ದ ಜಿಗಟನ್ನು ತೊಳೆದೆವು. ಹುಳು ತಿಂದಿದ್ದ ತೊಟ್ಟಿಯ ಹಲಗೆಗಳ ಬದಲು ಜಾಲಿಯ ಹಲಗೆ ಕೂರಿಸಲಾಯಿತು. ಮುರಿದ ಪಾಟಾವನ್ನು ಕಮ್ಮಾರ ಬೆಂಕಿಯಲ್ಲಿಟ್ಟು ಸರಿಮಾಡಿದ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಕೆಡಿಸುವುದರಿಂದ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಬದಲಿಸಬೇಕಾಯಿತು. ಇಷ್ಟೆಲ್ಲ ಖರ್ಚಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಕೊಳ್ಳಬಹುದಿತ್ತು ಎಂದು ಪುಣೆಯ ಅಣ್ಣ ಫೋನಿನಲ್ಲಿ ಹೇಳಿದ್ದು ಸತ್ಯ. ನಾವು ಅದನ್ನು ಅಲ್ಲಗಳೆಯಲಿಲ್ಲ.

ಬಣ್ಣ ಬಳಿಯಲು ಮಾತ್ರ ಮಿಸ್ತ್ರಿ ಒಪ್ಪಲಿಲ್ಲ. ಮೊದಲು ಬ್ರೇಕು, ಆಮೇಲೆ ಬಣ್ಣ. ಆತುರಪಟ್ಟವರು ನಾವು. ಜಾತ್ರೆಗೆ ಇನ್ನೂ ತಿಂಗಳಿರುವಾಗ, ಅವರು ಬೇಡವೆಂದರೂ ಕೇಳದೆ, ಗಾಡಿಯನ್ನು ಪರೀಕ್ಷೆಗೆ ಒಯ್ದೆವು. ಎಫ್.ಸಿ. ಗಾಡಿಗೆ ಎಫ್.ಸಿ. ಮಾಡಿಸಲು ಬಂದಿದ್ದೀರಾ ಎಂದು ಅಲ್ಲಿದ್ದ ಲಾರಿ ಚಾಲಕರೆಲ್ಲ ನಕ್ಕು ಸುತ್ತ ನೆರೆದರು. ಬ್ರೇಕು ಒತ್ತಿದೊಡನೆ ಗಾಡಿ ಎಡಕ್ಕೆ ಎಳೆದು ಗೆರೆಯಿಂದ ಒಂದು ಮೊಳ ಆಚೆ ನಿಂತಿತು. ಅನುತ್ತೀರ್ಣ. ಎಷ್ಟೋ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಮಾತು ನನ್ನ ಪಾಲಿಗೇ ಬಂದಾಗ ಅದರ ರುಚಿ ತಿಳಿಯಿತು. ಪರೀಕ್ಷಕರು ಮಾಡಿದ್ದು ಸರಿಯೇ. ಈ ಗಾಡಿಯ ನಾಲ್ಕು ಚಕ್ರಗಳ ಬ್ರೇಕಿಗೂ ಎಣ್ಣೆಯ ದಾರಿ ಒಂದೇ. ಎಲ್ಲಿಯಾದರೂ ಅದು ಒಡೆದರೆ ನಾಲ್ಕೂ ಕೈಕೊಡುತ್ತವೆ.

ಹಿಂದಿರುಗಿದಾಗ ಮಿಸ್ತ್ರಿ ಬೈಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. “ಎಡಕ್ಕ ಎಳದ್ರ ರೋಗ ಬಲಕ್ಕ ಇರತೈತಿ,” ಎಂದು ಬಲಗಡೆಯ ಚಕ್ರ ಬಿಚ್ಚಿಸಿದರು. ಒಳಗಿನ ಪುಟ್ಟ ಸಿಲಿಂಡರು ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ಅದನ್ನು ತಮ್ಮ ಕೈಯಿಂದಲೇ ತಿಕ್ಕಿ ನುಣುಪು ಮಾಡಲು ಕುಳಿತರು. ಆದರೆ ಪೊರೆ ಬಂದ ಕಣ್ಣಿಗೆ ಗೀರು ಕಾಣಿಸದು. ಎರಡು ಸಲ ತಪ್ಪಿತು. ಆಗ ನನಗೆ ಮೊದಲ ಬಾರಿಗೆ ಭಯವಾಯಿತು. ಗಾಡಿಯನ್ನು ಗುಜರಿಯಿಂದ ಉಳಿಸಲು ಇಷ್ಟು ಹೆಣಗಿದ ನಾವು, ಅದನ್ನು ಬಲ್ಲ ಒಬ್ಬರೇ ಒಬ್ಬರ ತಲೆಯೊಳಗಿನದನ್ನು ಉಳಿಸಿಕೊಳ್ಳುವ ಬಗ್ಗೆ ಯೋಚಿಸಿಯೇ ಇರಲಿಲ್ಲ. ಈ ಮುದುಕರು ಇಲ್ಲವಾದ ಮರುದಿನ ಓಡುವ ಗಾಡಿಯೂ ಹಿತ್ತಿಲಿನ ಕಬ್ಬಿಣವೇ.

ಅಂದಿನಿಂದ ನನಗೆ ಬರುವ ಒಂದೇ ವಿದ್ಯೆಯಿಂದ ಸೇವೆ ಸಲ್ಲಿಸಿದೆ. ಒಂದು ದಪ್ಪನೆಯ ವಹಿ ತಂದು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ: ಯಾವ ಸಂದಿಗೆ ಎಷ್ಟು ಬಿಡುವು, ಯಾವ ಸದ್ದಿಗೆ ಯಾವ ಕಾರಣ, ಬೇಸಿಗೆಗೆ ಯಾವ ಎಣ್ಣೆ. ಬರಹವಷ್ಟೇ ಸಾಲದೆಂದು ಅವರಿಗೂ ಗೊತ್ತಿತ್ತು. ಓಣಿಯ ನೇಕಾರರ ಮನೆಯ ಹುಡುಗನೊಬ್ಬ ದಿನವೂ ಬಂದು ನಿಂತು ನೋಡುತ್ತಿದ್ದ. ಅವನನ್ನು ಕರೆದು ಸಿಲಿಂಡರನ್ನು ಅವನ ಕೈಗಿಟ್ಟರು. ಮಗ್ಗದ ಮೇಲೆ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಿ ಬೆಳೆದ ಕಣ್ಣು ಅವನದು. ಗೀರನ್ನು ಉಗುರಿನಿಂದಲೇ ಪತ್ತೆಹಚ್ಚಿದ. “ನಿಮ್ಮ ಮನ್ಯಾಗ ಎಳಿ ಹರದ್ರ ಮಗ್ಗಾ ಮಾರತೀರೇನು? ಇದೂ ಹಂಗ,” ಎಂದು ಮಿಸ್ತ್ರಿ ಅವನಿಗೆ ಹೇಳಿದ ಮಾತನ್ನು ನಾನು ವಹಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ.

ಬನದ ಹುಣ್ಣಿಮೆಗೆ ಎಂಟು ದಿನವಿರುವಾಗ ಗಾಡಿ ಗೆರೆಯ ಮೇಲೆ ನೆಟ್ಟಗೆ ನಿಂತಿತು. ಅರ್ಹತಾಪತ್ರ ಕೈಗೆ ಬಂತು. ಜಾತ್ರೆ ಕಳೆದ ಮೇಲೆ ಒಂದು ಬೆಳಿಗ್ಗೆ ಎರಡು ಗಂಟು ಖಣವನ್ನು ಹೇರಿಕೊಂಡು ಇಳಕಲ್ಲಿಗೆ ಹೊರಟೆವು. ಖಾಲಿಯಿದ್ದರೆ ಈ ಗಾಡಿಯ ಹಿಂಭಾಗ ಹಗುರವಾಗಿ ಬ್ರೇಕಿಗೆ ಜಾರುತ್ತದೆಂದು ಮಿಸ್ತ್ರಿಯವರು ಉಸುಕಿನ ಚೀಲಗಳನ್ನೂ ಹಾಕಿಸಿದ್ದರು. ಮಿತ್ರ ಚಾಲಕ, ಎಂಜಿನಿನ ಡಬ್ಬಿಯ ಆಚೆಗೆ ಅವನ ತಾಯಿ, ಇಳಕಲ್ಲ ಸೀರೆ ಉಟ್ಟು ಖಣದ ಕುಪ್ಪಸ ತೊಟ್ಟು. ಹಿಂದೆ ಗಂಟುಗಳನ್ನು ಹಿಡಿದು ನಾನು ಮತ್ತು ಹುಡುಗ. ಕಮತಗಿ ದಾಟಿತು. ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಂತಾಗ ರೇಡಿಯೇಟರಿಗೆ ನೀರು ಹಾಕಿದೆವು. ಹುನಗುಂದದ ಆಚೆಗೆ ಎಂಜಿನಿನ ದನಿ ಒಂದು ಕ್ಷಣ ಬದಲಾಯಿತು. ನನಗೆ ತಿಳಿಯಲಿಲ್ಲ. ಹುಡುಗ ಕಿವಿಗೊಟ್ಟು, ಗಾಡಿ ನಿಲ್ಲಿಸಲು ಹೇಳಿ, ಕೆಳಗಿಳಿದು, ಸಡಿಲಾಗಿದ್ದ ತಂತಿಯೊಂದನ್ನು ಬಿಗಿಮಾಡಿ ಮತ್ತೆ ಹತ್ತಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಇಳಕಲ್ಲಿನಲ್ಲಿ ಗಂಟುಗಳನ್ನು ಇಳಿಸಿದ ಅಂಗಡಿಯ ಹಿರಿಯರು ಗಾಡಿಯನ್ನು ಸುತ್ತಿ ನೋಡಿ, “ಇದು ಇನ್ನೂ ಐತೇನ್ರಿ!” ಎಂದರು. ತಾಯಿ ಕುಳಿತಲ್ಲಿಂದಲೇ, “ನಾನೂ ಅದೀನಲ್ರಿ,” ಎಂದರು.

ಸಂಜೆ ಬಾಗಲಕೋಟೆಗೆ ಫೋನು ಮಾಡಿ ಮಿಸ್ತ್ರಿಯವರಿಗೆ ಪ್ರಯಾಣದ ಸುದ್ದಿ ತಿಳಿಸಿದೆ. ಗಾಡಿ ಹೇಗೆ ಓಡಿತೆಂದು ಅವರು ಕೇಳಲಿಲ್ಲ. ದಾರಿಯಲ್ಲಿ ಹುಡುಗ ಏನು ಮಾಡಿದ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇನ್ನ ಬಣ್ಣಾ ಹಚ್ಚಸ್ರಿ,” ಎಂದರು.