ಕೌದಿಯ ಸೀಮೆಯಲ್ಲಿ ನಾಲ್ಕು ದಿನ

ಪುಷ್ಯ ಮಾಸದ ಆರಂಭದಲ್ಲಿ ಮುಧೋಳದಿಂದ ಹೊರಟು ಜಮಖಂಡಿ, ರಬಕವಿ-ಬನಹಟ್ಟಿಗಳನ್ನು ನೋಡಿಕೊಂಡು ಬೀಳಗಿಯವರೆಗೆ ಸಂಚರಿಸುವ ಸಂದರ್ಭವು ಈ ಸಲ ನಮಗೆ ಒದಗಿತು. ಈ ಸೀಮೆ ಎಂದೊಡನೆ ವಿದ್ವಾಂಸರು ಮುಧೋಳದ ಮಹಾಕವಿ ರನ್ನನನ್ನೂ, ಇತಿಹಾಸಪ್ರಿಯರು ಜಮಖಂಡಿಯ ಪಟವರ್ಧನ ಸಂಸ್ಥಾನವನ್ನೂ ನೆನೆಯುವರು. ನಾವು ಬರೆಯಹೊರಟಿರುವುದು ಇವೆಲ್ಲಕ್ಕಿಂತ ಸಣ್ಣ ವಸ್ತುವೊಂದನ್ನು ಕುರಿತು. ಅದು ಮನೆಮನೆಯ ಪಡಸಾಲೆಯಲ್ಲಿ ಮಡಿಚಿ ಒಟ್ಟಿರುವ ಕೌದಿ.

ಕಬ್ಬಿನ ಕಟಾವಿನ ಕಾಲ. ದಾರಿಯ ಇಕ್ಕೆಲಗಳಲ್ಲಿ ಕಬ್ಬು ಕಡಿಯಲು ಬಂದವರ ಗುಡಿಸಲುಗಳು. ರವದಿ ಹೊದಿಸಿದ ಆ ಗುಡಿಸಲುಗಳಿಗೆ ಬಾಗಿಲಿಲ್ಲ. ಬಾಗಿಲಿನ ಸ್ಥಾನದಲ್ಲಿ ಕೆಂಪು, ಹಸಿರು, ಹಳದಿ ತುಂಡುಗಳ ಕೌದಿಗಳು ತೂಗುತ್ತಿದ್ದವು. ಚಳಿಗೆ ತಡೆಯೂ ಅದೇ, ಮನೆಗೆ ಅಲಂಕಾರವೂ ಅದೇ. ಕಾಸು ಖರ್ಚಿಲ್ಲದ ಇಂತಹ ಸಿಂಗಾರವನ್ನು ಪೇಟೆಯ ಮಹಡಿ ಮನೆಗಳಲ್ಲಿ ನಾವು ಕಂಡಿದ್ದು ವಿರಳ.

ಕೌದಿಯ ರಚನೆ ನೋಡಲು ಸರಳವಾಗಿದ್ದರೂ ಅದರೊಳಗೆ ತಿಳಿವಳಿಕೆ ಅಡಗಿದೆ. ಉಟ್ಟು ಮೆತ್ತಗಾದ ಹತ್ತಿಯ ಸೀರೆ, ಧೋತರಗಳನ್ನು ಪದರಪದರವಾಗಿ ನೆಲದ ಮೇಲೆ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಯುತ್ತಾರೆ. ಪದರಗಳ ನಡುವೆ ನಿಂತ ಗಾಳಿಯೇ ಮೈಯ ಶಾಖವನ್ನು ಹಿಡಿದಿಡುತ್ತದೆ. ಹೊಸ ಬಟ್ಟೆಯನ್ನು ಹಳೆಯದರೊಡನೆ ಸೇರಿಸಬಾರದೆಂದು ಹಿರಿಯ ತಾಯಂದಿರು ಎಚ್ಚರಿಸುವರು. ಮೊದಲ ಒಗೆತದಲ್ಲಿಯೇ ಹೊಸದು ಕುಗ್ಗಿ, ಹೊಲಿಗೆ ಸುಕ್ಕುಗಟ್ಟುತ್ತದೆ. ಬೇಸಿಗೆಯ ಬಿಡುವಿನಲ್ಲಿ ಹೊಲಿದದ್ದು ಮಾಗಿಯ ಚಳಿಗೆ ಒದಗುವುದು. ಉಳಿದ ಚೂರುಗಳಿಂದ ಕೂಸಿಗೆ ಕುಂಚಿಗೆ, ಕೊಡ ಹೊರಲು ಸಿಂಬೆ, ಎತ್ತಿಗೆ ಜೂಲ, ಬಾಗಿಲಿಗೆ ತೋರಣ. ಬಟ್ಟೆಯ ಒಂದು ಎಳೆಯೂ ಪೋಲಾಗದು.

ಜಂಗಮರು, ಜೋಗಿಗಳು ಹೊದೆಯುತ್ತಿದ್ದ ತೇಪೆಯ ಹೊದಿಕೆಗೆ ನಮ್ಮ ಗ್ರಂಥಗಳಲ್ಲಿ ಕಂಥೆ ಎಂಬ ಹೆಸರುಂಟು. ಬಂಗಾಳದ ಹೆಣ್ಣುಮಕ್ಕಳ ಪ್ರಸಿದ್ಧವಾದ ಕಾಂಥಾ ಹೊಲಿಗೆಯ ಹೆಸರೂ ಆ ಶಬ್ದದಿಂದಲೇ ಬಂದುದು. ಮರಾಠಿಯವರು ಗೋಧಡಿ ಎನ್ನುವರು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ತಾಯಂದಿರು ಹೊಲಿದ ಕೌದಿಗಳು ಅಮೆರಿಕದಲ್ಲಿಯೂ ಪ್ರದರ್ಶನಗೊಂಡಿವೆ. ಸೂಜಿಯನ್ನೇ ಹೆಸರಿನಲ್ಲಿ ಹೊತ್ತ ಸೂಜಿಕಾಯಕದ ರಾಮಿತಂದೆಯನ್ನು ಶರಣರ ಸಾಲಿನಲ್ಲಿ ಎಣಿಸುವ ನಮಗೆ ಈ ಕೆಲಸ ಕಿರಿದಾಗಿ ಕಾಣಬೇಕಾದ ಕಾರಣವಿಲ್ಲ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಇಂದಿಗೂ ನಿಂತಿಲ್ಲ. ಆದರೆ ಕೈಮಗ್ಗದ ಲಟಪಟ ಶಬ್ದಕ್ಕಿಂತ ವಿದ್ಯುತ್ ಮಗ್ಗದ ಆರ್ಭಟವೇ ಹೆಚ್ಚು. ಹತ್ತಿಯ ಒಡಲಿನ ಸೀರೆಗಳ ಸ್ಥಾನವನ್ನು ಕೃತಕ ನೂಲಿನ ಸೀರೆಗಳು ಆಕ್ರಮಿಸುತ್ತಿವೆ. ಇದು ನೇಕಾರನ ಕಷ್ಟವಷ್ಟೇ ಅಲ್ಲ, ಕೌದಿಯ ಕಷ್ಟವೂ ಹೌದು. ಪಾಲಿಸ್ಟರ್ ಸೀರೆ ಬೆವರನ್ನು ಹೀರದು, ಸೂಜಿಗೆ ಜಾರುತ್ತದೆ, ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಇಂದು ಹರಿಯುವ ಸೀರೆ ನಾಳೆ ಕೌದಿಯಾಗಬೇಕಾದರೆ, ಕೊಳ್ಳುವಾಗಲೇ ಅದು ಹತ್ತಿಯದಾಗಿರಬೇಕು.

ಅಲ್ಲಿ ಪಡಸಾಲೆಯ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರನ್ನು ಮಾತನಾಡಿಸಿದೆವು. “ಈಗ ಯಾರ್ ಹೊಲಿತಾರ್ರಿ ಅಜ್ಜಾರ? ಹಳೇ ಸೀರಿ ಕೊಟ್ರ ಸ್ಟೀಲ್ ಬೋಗಾಣಿ ಬರ್ತೈತಿ. ಮಗ ಸಂತ್ಯಾಗಿಂದ ಬ್ಲ್ಯಾಂಕೆಟ್ ತರ್ತಾನ” ಎಂದರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಬೋಗಾಣಿ ನಿತ್ಯ ಬೇಕು, ಹೊಲಿಯುವ ಕಣ್ಣಿಗೆ ಮಂಜು ಕವಿದಿದೆ. ಹಳೆಯ ಬಟ್ಟೆಯಿಂದ ಹೊದಿಕೆ ಮಾಡುವ ವಿದ್ಯೆಯೇನೂ ಲೋಕದಿಂದ ಮರೆಯಾಗಿಲ್ಲ. ಹರಿಯಾಣದ ಪಾಣಿಪತ್‌ನಲ್ಲಿ ವಿದೇಶಗಳಿಂದ ಬಂದ ಹಳೆಯ ಉಣ್ಣೆಬಟ್ಟೆಗಳನ್ನು ಬಣ್ಣವಾರು ವಿಂಗಡಿಸಿ, ಯಂತ್ರದಲ್ಲಿ ಹರಿದು, ಮತ್ತೆ ನೂಲು ತೆಗೆದು ಕಂಬಳಿ ನೇಯುವ ದೊಡ್ಡ ಉದ್ಯಮವೇ ಬೆಳೆದಿದೆ. ಆದರೆ ಆ ಕಂಬಳಿಯಲ್ಲಿ ಯಾರ ಅಂಗಿ ಯಾವುದೆಂದು ಹೇಳುವವರಿಲ್ಲ.

ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಡಕ್ಕೆ ಹೋದೆವು. ಚಿಕ್ಕಪಡಸಲಗಿಯ ಬ್ಯಾರೇಜು ರೈತರೇ ಹಣ, ಬೆವರು ಕೂಡಿಸಿ 1989ರಲ್ಲಿ ಕಟ್ಟಿಕೊಂಡದ್ದು. ಶ್ರಮಬಿಂದು ಸಾಗರವೆಂಬ ಅದರ ಹೆಸರು ಸಾರ್ಥಕವಾಗಿದೆ. ತುಂಡುತುಂಡು ಕೂಡಿಸಿ ಒಂದು ಮಾಡುವ ಬುದ್ಧಿ ಈ ಸೀಮೆಯ ಗಂಡಸರಿಗೂ ಉಂಟೆಂದು ನಮ್ಮೊಡನಿದ್ದವರು ನಕ್ಕರು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಹೊತ್ತು ತಂದು ಒಗೆಯುವ ವಾಡಿಕೆ ಇಲ್ಲಿದೆ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು, ನೆರೆಯವರು ಕೈಗೂಡಿಸಲೇಬೇಕು.

ಕೊನೆಯದಾಗಿ ಬೀಳಗಿ. ಈ ತಾಲೂಕಿನ ಅನೇಕ ಹಳ್ಳಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದವು. ಅಣೆಕಟ್ಟೆಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣವು ಒಪ್ಪಿದ ಬಳಿಕ ಉಳಿದ ಊರುಗಳವರಿಗೂ ಅದೇ ಚಿಂತೆ. ಪುನರ್ವಸತಿ ಕೇಂದ್ರವೊಂದರಲ್ಲಿ ನಮಗೆ ಪ್ರಸಾದ ನೀಡಿದ ತಾಯಿ, ಕುಳ್ಳಿರಿಸಲು ಹಾಸಿದ್ದು ಬಣ್ಣ ಮಾಸಿದ ಕೌದಿ. ನಡುವಿನ ಕೆಂಪು ಸೆರಗನ್ನು ತೋರಿಸಿ, “ಇದು ನಮ್ಮತ್ತಿ ಧಾರಿ ಸೀರಿರಿ. ಈ ನೀಲಿ ದಡಿ ನಮ್ಮವ್ವಂದು. ಮನಿ ನೀರಾಗ ಹೋತು, ಇದಷ್ಟ ಉಳದೈತಿ” ಎಂದರು. ಅದರ ಮೇಲೆ ಕಾಲಿಡಲು ನಮಗೆ ಮನಸ್ಸು ಬಾರದೆ, ಮಡಿಚಿ ಗೋಡೆಗೆ ತೂಗುಹಾಕಲು ಹೇಳಿದೆವು. ಅವರು ಒಪ್ಪಲಿಲ್ಲ, ಬಂದವರು ಕೂಡದ ಕೌದಿ ಯಾತಕ್ಕೆಂದರು. ಬಳಿಯಲ್ಲಿ ಅವರ ಮೊಮ್ಮಗಳು ಹರಿದ ಮೂಲೆಯೊಂದಕ್ಕೆ ತನ್ನ ಹಳೆಯ ಲಂಗದ ತುಂಡನ್ನು ಹಚ್ಚಿ ಹೊಲಿಯುತ್ತಿದ್ದಳು. ಹೊಲಿಗೆ ಸೊಟ್ಟಗಿತ್ತು. ಅಜ್ಜಿ ಅದನ್ನು ಬಿಚ್ಚಿಸಲಿಲ್ಲ.